ಕೊಣ್ಣೂರಿನ ತರುಣರೇ, ಮತ್ತೆ ಬೀದಿಗೆ ಬನ್ನಿ

ಹೋದ ಚುನಾವಣೆಯಲ್ಲಿ ನೀವು ಬಿಸಿಲು ನೋಡಲಿಲ್ಲ, ಹಸಿವು ನೋಡಲಿಲ್ಲ. ಮನೆಮನೆಗೆ ಚೀಟಿ ಹಂಚಿದಿರಿ, ಮೈಕು ಕಟ್ಟಿದ ಆಟೋದ ಹಿಂದೆ ಓಡಿದಿರಿ, ರಾತ್ರಿ ಕೂತು ಮತದಾರರ ಪಟ್ಟಿಗೆ ಗೆರೆ ಎಳೆದಿರಿ. ಆಮೇಲೇನಾಯಿತು? ಗುಲಾಲು ಹಾರಿತು. ಮರುವಾರ ಓಣಿಯ ನೀರಿನ ಮಾತೆತ್ತಲು ಹೋದರೆ ಕಾರಿನ ಗಾಜು ಇಳಿಯಲಿಲ್ಲ. ಕಟ್ಟೆಯ ಮೇಲಿದ್ದವರು "ಎಷ್ಟ ಸಿಕ್ತೋ ತಮ್ಮಾ?" ಎಂದು ನಕ್ಕರು. ಆ ನಗೆಗೆ ನೀವು ಮನೆ ಸೇರಿದಿರಿ.

ನಿಮ್ಮ ಸಿಟ್ಟು ಸುಳ್ಳಲ್ಲ. ಆದರೆ ನಾವು ಒಳಗೆ ಕೂತರೆ ಬೀದಿ ಖಾಲಿ ಇರುತ್ತದೆಯೇ? ರೊಕ್ಕ ಹಂಚುವವನು ಬರುತ್ತಾನೆ. ಜಾತಿ ಎಣಿಸುವವನು ಬರುತ್ತಾನೆ. ಅವರಿಗೆ ಬೇಸರವೆಂಬುದೇ ಇಲ್ಲ!

ಘಟಪ್ರಭಾದ ಆರೋಗ್ಯಧಾಮ ನಮಗೆಲ್ಲ ಗೊತ್ತು. 1929ರಲ್ಲಿ ಅದನ್ನು ಕಟ್ಟಿದವರಲ್ಲಿ ಡಾ. ನಾ.ಸು. ಹರ್ಡೀಕರರೂ ಒಬ್ಬರು. 1923ರಲ್ಲಿ ಹಿಂದುಸ್ತಾನಿ ಸೇವಾದಳ ಹುಟ್ಟುಹಾಕಿದವರೂ ಅವರೇ. ಮರುವರ್ಷ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಬೆಳಗಾವಿ ಕಾಂಗ್ರೆಸ್ ಅಧಿವೇಶನ ನಡೆದದ್ದು ಸ್ವಯಂಸೇವಕರ ಬೆವರಿನ ಮೇಲೆ; ಅಲ್ಲಿ ಹೆಣ್ಣುಮಕ್ಕಳ ಪಡೆ ಕಟ್ಟಿ ನಿಲ್ಲಿಸಿದವರು ಉಮಾಬಾಯಿ ಕುಂದಾಪುರ. ಹರ್ಡೀಕರರಿಗೆ ನಿರಾಸೆಯೇ ಆಗಲಿಲ್ಲವೇ? ಅವರ ಶಿಸ್ತಿನ ದಳವನ್ನು ಸ್ವಂತ ಪಕ್ಷದಲ್ಲೇ ಕೆಲವರು ಅನುಮಾನಿಸಿದರು. 1932ರಲ್ಲಿ ಬ್ರಿಟಿಷ್ ಸರ್ಕಾರ ಅದನ್ನು ನಿಷೇಧಿಸಿತು. ಕಟ್ಟಿದ್ದೆಲ್ಲ ಕಣ್ಣೆದುರೇ ಚದುರಿದರೂ ಅವರು ಸಾರ್ವಜನಿಕ ಬದುಕಿಗೆ ಬೆನ್ನು ತೋರಿಸಲಿಲ್ಲ. 1952ರಲ್ಲಿ ರಾಜ್ಯಸಭೆ ಪ್ರವೇಶಿಸಿದಾಗ ಅವರಿಗೆ ಅರವತ್ತು ದಾಟಿತ್ತು. ಇಪ್ಪತ್ತೆರಡಕ್ಕೇ ನಿವೃತ್ತಿ ಪಡೆದವರು ಇದನ್ನು ಗಮನಿಸಬೇಕು.

ನಿಮ್ಮಲ್ಲಿ ಬಲವಿಲ್ಲವೇ? 2019ರ ಆಗಸ್ಟ್‌ನಲ್ಲಿ ಲೋಳಸೂರ ಸೇತುವೆ ಮುಳುಗಿ, ಘಟಪ್ರಭೆ ಮನೆಗಳಿಗೆ ನುಗ್ಗಿ, ದಂಡೆಯ ಊರುಗಳು ದಿಕ್ಕೆಟ್ಟು ನಿಂತಾಗ, ಮುದುಕರನ್ನು ಹೆಗಲಿಗೇರಿಸಿಕೊಂಡವರು, ದನಗಳ ಹಗ್ಗ ಬಿಚ್ಚಿ ದಿಬ್ಬಕ್ಕೆ ಅಟ್ಟಿದವರು, ಗಂಜಿ ಕೇಂದ್ರಗಳಲ್ಲಿ ಅನ್ನ ಬಡಿಸಿದವರು ಯಾರು? ನೀವೇ. ಅಂದು ಯಾರೂ ಎಷ್ಟು ಸಿಕ್ಕಿತೆಂದು ಕೇಳಲಿಲ್ಲ.

ಬನ್ನಿ. ಆದರೆ ಈ ಸಲ ಬೇರೆ ರೀತಿ ಬನ್ನಿ. ಬಾವುಟ ಕೈಗೆತ್ತಿಕೊಳ್ಳುವ ಮೊದಲೇ ಅಭ್ಯರ್ಥಿಯನ್ನು ನಿಮ್ಮ ಓಣಿಗೆ ಕರೆಯಿರಿ. ನೀರು, ಗಟಾರ, ಶಾಲೆ, ಯಾವುದಕ್ಕೆ ಏನು ಮಾಡುತ್ತೀರೆಂದು ಕೇಳಿ, ಬರೆಸಿಕೊಳ್ಳಿ. ಬರೆದುಕೊಡದವರ ಚೀಟಿ ಹಂಚಬೇಡಿ. ಜೈಕಾರಕ್ಕಿಂತ ದೊಡ್ಡ ಕೆಲಸ ಮತಗಟ್ಟೆಯೊಳಗಿದೆ, ಕಲಿಯಿರಿ. ವಿಧಾನಸಭೆಯಿರಲಿ, ಲೋಕಸಭೆಯಿರಲಿ, ಮತದಾನಕ್ಕೆ ಒಂದೂವರೆ ತಾಸು ಮೊದಲು ಅಣಕು ಮತದಾನ ನಡೆಯುತ್ತದೆ. ಏಜೆಂಟರಾಗಿ ಹೋಗಿ ಕಣ್ಣಾರೆ ನೋಡಿ. ಸಂಜೆ ಎಷ್ಟು ಮತ ಬಿದ್ದವೆಂದು ಬರೆದು, ಅಧಿಕಾರಿ ಸಹಿ ಹಾಕಿದ ನಮೂನೆ 17ಸಿ ಪ್ರತಿಯನ್ನು ಕೇಳಿ ಪಡೆಯಿರಿ. ಅದು ಏಜೆಂಟರ ಹಕ್ಕು. ಪ್ರಜಾಪ್ರಭುತ್ವದ ಲೆಕ್ಕದ ಕಾಗದ ನಿಮ್ಮ ಕೈಯಲ್ಲಿರುತ್ತದೆ, ಇನ್ಯಾರದೋ ಕಿಸೆಯಲ್ಲಲ್ಲ.

ಇದಕ್ಕೆಲ್ಲ ಚುನಾವಣೆ ಘೋಷಣೆಯಾಗುವವರೆಗೆ ಕಾಯಬೇಕೇ? ಹದಿನೆಂಟು ತುಂಬಿದ ತಂಗಿಯ ಹೆಸರು ಪಟ್ಟಿಯಲ್ಲಿದೆಯೇ? ಇಲ್ಲದಿದ್ದರೆ ನಮೂನೆ 6 ತುಂಬಿಸಿ. ಗಿರಣಿ ಪಾಳಿ ಮುಗಿಸಿ ಬರುವ ಕಾಕಾನ ಹೆಸರು ಬಿಟ್ಟುಹೋಗಿದೆಯೇ? ಇವತ್ತು ಸಂಜೆಯೇ ಅವರ ಬಾಗಿಲು ತಟ್ಟಿ.