ನಿವೃತ್ತ ಗುರುಗಳ ನೆರವು, ನಾಳಿನ ಗುರುಗಳಿಗೆ



ವಿದ್ಯಾರ್ಥಿವೇತನ ಎಂದೊಡನೆ ನಮಗೆ ಇಂಜಿನಿಯರಿಂಗ್, ವೈದ್ಯಕೀಯ ಓದುವ ಮಕ್ಕಳು ನೆನಪಾಗುತ್ತಾರೆ. ಅವರಿಗೆ ನೆರವು ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮಕ್ಕಳನ್ನು ಅಲ್ಲಿಯವರೆಗೆ ತಂದು ನಿಲ್ಲಿಸುವ ಶಿಕ್ಷಕನ ಓದಿಗೆ ಯಾರು ನೆರವಾಗುತ್ತಾರೆ? ಬಿ.ಎಡ್. ಓದುವ ಬಡ ಮಕ್ಕಳ ಕೈ ಹಿಡಿಯಲು ಎಲ್ಲರಿಗಿಂತ ಯೋಗ್ಯರು ನಿವೃತ್ತ ಶಿಕ್ಷಕರು ಎಂಬುದೇ ಇಂದು ನಿಮ್ಮ ಮುಂದಿಡುವ ವಿಚಾರ.

ಇದು ಹೊಸ ಕಲ್ಪನೆಯಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1929ರಲ್ಲಿ ಲಾರಾ ಸೆಟಲ್ ಅವರ ಮುಂದಾಳತ್ವದಲ್ಲಿ ನಿವೃತ್ತ ಶಿಕ್ಷಕರ ಸಂಘವೊಂದು ಹುಟ್ಟಿತು. ಮುಂದೆ ಆಕೆಯ ಹೆಸರಿನಲ್ಲಿಯೇ ಶಿಕ್ಷಕ ತರಬೇತಿಯ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ನೀಡುವ ವ್ಯವಸ್ಥೆ ಬೆಳೆಯಿತು. ನಮ್ಮ ದೇಶದಲ್ಲಿಯೂ ಶಿಕ್ಷಕರ ತ್ಯಾಗದ ಪರಂಪರೆಯಿದೆ. ಜಾಮಿಯಾ ಮಿಲ್ಲಿಯಾ ಹಣದ ಕಷ್ಟದಲ್ಲಿದ್ದಾಗ, 1928ರಲ್ಲಿ ಡಾ. ಜಾಕಿರ್ ಹುಸೇನ್ ಮತ್ತು ಸಂಗಡಿಗರು ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಸಂಬಳ ಪಡೆಯದೆ 20 ವರ್ಷ ದುಡಿಯುವ ಪಣ ತೊಟ್ಟರು. ಅವರು ಸಂಬಳದಲ್ಲಿ ಬಿಟ್ಟುಕೊಟ್ಟರು. ನಮ್ಮ ಹಿರಿಯರು ಪಿಂಚಣಿಯಲ್ಲಿ ಒಂದಿಷ್ಟು ಕೊಡಬಹುದು.

ಈ ನೆರವು ಏಕೆ ಬೇಕು? ಒಂದು ವರ್ಷದ್ದಾಗಿದ್ದ ಬಿ.ಎಡ್. 2015-16ರಿಂದ ಎರಡು ವರ್ಷದ್ದಾಯಿತು. ಶುಲ್ಕ, ಬಸ್ಸು, ಊಟ, ಹಾಸ್ಟೆಲು ಎಲ್ಲಕ್ಕೂ ಇನ್ನೊಂದು ವರ್ಷದ ಖರ್ಚು ಸೇರಿತು. ಇದರಲ್ಲಿ 20 ವಾರಗಳ ಶಾಲಾ ಇಂಟರ್ನ್‌ಷಿಪ್ ಇದೆ. ಹಗಲೆಲ್ಲ ಶಾಲೆ, ರಾತ್ರಿ ಪಾಠಯೋಜನೆ ಮತ್ತು ಬೋಧನೋಪಕರಣಗಳ ತಯಾರಿ. ಟ್ಯೂಷನ್ ಹೇಳಿಯೋ, ಅಂಗಡಿಯಲ್ಲಿ ಲೆಕ್ಕ ಬರೆದೋ ಓದುತ್ತಿದ್ದವರ ಸಂಪಾದನೆ ಆಗ ನಿಂತುಹೋಗುತ್ತದೆ. ಹೆಣ್ಣುಮಕ್ಕಳಿಗಂತೂ ಮನೆಯಲ್ಲಿ "ಇಷ್ಟು ಓದಿದ್ದು ಸಾಕು" ಎನ್ನಲು ಅದೇ ಒಂದು ನೆಪವಾಗುತ್ತದೆ.

ಹೀಗೆ ಒಬ್ಬರು ಅರ್ಧಕ್ಕೆ ನಿಂತರೆ ನಷ್ಟ ಅವರೊಬ್ಬರದೇ ಅಲ್ಲ. ನಾನು ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವನು. ಮನೆಯಲ್ಲಿ ಉರ್ದು ಆಡುವ ಮಗು ಕನ್ನಡಕ್ಕೆ ಬರುವಾಗ ಲಿಪಿ ಬದಲಾಗುತ್ತದೆ, ಬರೆಯುವ ದಿಕ್ಕೇ ಬದಲಾಗುತ್ತದೆ. 'ಳ', 'ಣ' ಹೇಳಲು ನಾಲಿಗೆ ತೊಡರುತ್ತದೆ. ಎರಡೂ ಭಾಷೆ ಬಲ್ಲ ಶಿಕ್ಷಕನಿಗೆ ಆ ತೊಡಕು ಎಲ್ಲಿದೆ ಎಂದು ಬೇಗ ತಿಳಿಯುತ್ತದೆ. ಅಂಥ ಶಿಕ್ಷಕರು ನಮ್ಮ ಈ ಮಕ್ಕಳೊಳಗಿಂದಲೇ ಬರಬೇಕಲ್ಲವೇ?

ಹಿರಿಯರೇ, ಇನ್ನೊಂದು ವಿಷಯ ಗಮನಿಸಿ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ಕ್ಕೆ ಮುಂಚೆ ಸರ್ಕಾರಿ ಸೇವೆಗೆ ಸೇರಿದವರು ನಿಶ್ಚಿತ ಪಿಂಚಣಿಯ ಹಕ್ಕಿನೊಂದಿಗೆ ಸೇರಿದರು. ಆಮೇಲೆ ಸೇರಿದವರಿಗೆ ಬಂದದ್ದು ಸಂಬಳದಿಂದ ವಂತಿಗೆ ಕಡಿತವಾಗುವ, ಮಾರುಕಟ್ಟೆಯ ಏರಿಳಿತಕ್ಕೆ ಒಳಪಟ್ಟ ಹೊಸ ಯೋಜನೆ. ಆದ್ದರಿಂದ ಧೈರ್ಯವಾಗಿ ಕೊಡಬಲ್ಲ ನಿವೃತ್ತರು ನಮ್ಮ ನಡುವೆ ಇರುವಾಗಲೇ ನಿಧಿ ಕಟ್ಟಬೇಕು. ಅನುದಾನರಹಿತ ಶಾಲೆಗಳಲ್ಲಿ ದುಡಿದು ಪಿಂಚಣಿಯಿಲ್ಲದೆ ನಿವೃತ್ತರಾದವರಿಂದ ಹಣ ಕೇಳುವುದು ನ್ಯಾಯವಲ್ಲ. ಅವರಿಂದ ಅನುಭವವನ್ನು ಕೇಳೋಣ.

ಲೆಕ್ಕ ಸರಳ. 20 ಜನ ತಲಾ 25,000 ರೂಪಾಯಿ ಕೊಟ್ಟರೆ 5 ಲಕ್ಷದ ದತ್ತಿನಿಧಿ. ಬ್ಯಾಂಕಿನ ಬಡ್ಡಿ ಶೇಕಡಾ 7 ಎಂದುಕೊಂಡರೆ ವರ್ಷಕ್ಕೆ 35,000 ರೂಪಾಯಿ. ಮೂಲಧನ ಹಾಗೆಯೇ ಉಳಿಯುತ್ತದೆ. ಬೆಲೆಗಳು ಏರುವುದರಿಂದ ಬಡ್ಡಿಯ ಒಂದು ಭಾಗವನ್ನು ಅಸಲಿಗೇ ಸೇರಿಸುತ್ತಿರಬೇಕು. ದೊಡ್ಡ ಮೊತ್ತ ಆಗದಿದ್ದರೆ 10 ಜನ ತಿಂಗಳಿಗೆ 500 ರೂಪಾಯಿಯಂತೆ ಕೊಡಲಿ. ವರ್ಷಕ್ಕೆ 60,000 ಆಗುತ್ತದೆ, ಈ ವರ್ಷದಿಂದಲೇ ಹಂಚಬಹುದು.

ಕೊಡುವ ರೀತಿಯೂ ಮುಖ್ಯ. ಮೊದಲನೆಯದಾಗಿ, ಹಣ ವಾರ್ಷಿಕೋತ್ಸವದ ದಿನಕ್ಕೆ ಕಾಯಬಾರದು. ಪ್ರವೇಶದ ಸಮಯದಲ್ಲಿ ಅರ್ಧ, ಇಂಟರ್ನ್‌ಷಿಪ್ ಶುರುವಾಗುವಾಗ ಅರ್ಧ ಕೈ ಸೇರಬೇಕು. ಎರಡನೆಯದಾಗಿ, ಅಂಕಪಟ್ಟಿಯೊಂದನ್ನೇ ನೋಡದೆ ಮನೆಯ ಸ್ಥಿತಿಯನ್ನೂ ಕಲಿಸುವ ಆಸಕ್ತಿಯನ್ನೂ ನೋಡಬೇಕು. ದಾನಿಗಳ ಬಂಧುಗಳು ಅರ್ಜಿ ಹಾಕಿದ್ದರೆ ಆ ದಾನಿ ಆಯ್ಕೆ ಸಮಿತಿಯಲ್ಲಿ ಕೂರಬಾರದು. ಮೂರನೆಯದಾಗಿ, ಪಡೆಯುವವರನ್ನು ವೇದಿಕೆಯಲ್ಲಿ ನಿಲ್ಲಿಸಿ ಫೋಟೋ ತೆಗೆಯುವುದು ಬೇಡ. ನಾಳೆ ಅವರು ಇದೇ ಊರಿನ ಮಕ್ಕಳ ಮುಂದೆ ಗೌರವದಿಂದ ನಿಲ್ಲಬೇಕಾದವರು.

ವ್ಯಾಪಾರಿ ದಾನಿಯೊಬ್ಬರು ಇದಕ್ಕಿಂತ ಹೆಚ್ಚು ಹಣ ಕೊಡಬಹುದು. ಆದರೆ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ನೋಡಿ, "ಮಗಳೇ, ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ಕಾಯಬೇಕು, ಉತ್ತರ ನೀನೇ ಹೇಳಿಬಿಡಬೇಡ" ಎಂದು ತಿದ್ದಲು ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ಕೈಯೇ ಬೇಕು. ಪ್ರತಿಯೊಬ್ಬ ನಿವೃತ್ತ ಶಿಕ್ಷಕರೂ ಒಬ್ಬೊಬ್ಬ ತರಬೇತಿ ವಿದ್ಯಾರ್ಥಿಯ ನಾಲ್ಕು ಪಾಠಗಳನ್ನಾದರೂ ನೋಡಲಿ.

ವಿದ್ಯಾರ್ಥಿ ಮಿತ್ರರೇ, ಅರ್ಜಿ ಹಾಕಲು ಸಂಕೋಚಪಡಬೇಡಿ. ಇದು ಭಿಕ್ಷೆಯಲ್ಲ, ಸಾಲವೂ ಅಲ್ಲ. ಒಬ್ಬ ಶಿಕ್ಷಕ ಇನ್ನೊಬ್ಬ ಶಿಕ್ಷಕನಿಗೆ ದಾಟಿಸುವ ಜವಾಬ್ದಾರಿ. ಮೊದಲ ಸಂಬಳ ಬಂದಾಗ ನಿಮ್ಮಿಂದಾದಷ್ಟು ಈ ನಿಧಿಗೆ ಸೇರಿಸಿ. ಹಿರಿಯರೇ, ಈ ಸಭೆ ಮುಗಿಯುವ ಮುನ್ನ ಐದು ಜನರಾದರೂ ಕಾರ್ಯದರ್ಶಿಯವರ ಬಳಿ ಹೆಸರು ಬರೆಸಬೇಕೆಂದು ವಿನಂತಿಸುತ್ತೇನೆ. ಅಷ್ಟು ಸಾಕು, ಕೆಲಸ ಶುರುವಾಗುತ್ತದೆ.