ಕಾರಣ ಕೊಡಿ

ಬ್ರಿಟನ್ನಿನ ಒಂದು ವಿಶ್ವವಿದ್ಯಾಲಯದಲ್ಲಿ ಹೊರದೇಶದ ವಿದ್ಯಾರ್ಥಿಗಳಿಗೆ ಉನ್ನತ ವ್ಯಾಸಂಗಕ್ಕೆ ಬೇಕಾದ ಇಂಗ್ಲಿಷ್ ಕಲಿಸುವುದು ನನ್ನ ಕೆಲಸ. ಅಲ್ಲಿ ನಮ್ಮಂಥವರ ಸಂಘ 1972ರಲ್ಲೇ ಹುಟ್ಟಿತು. ಆದರೂ ಎಷ್ಟೋ ಕಡೆ ನಮ್ಮನ್ನು ಅಧ್ಯಾಪಕರ ಸಾಲಿಗೆ ಸೇರಿಸದೆ ‘ಸಹಾಯಕ ಸೇವೆ’ ಎನ್ನುತ್ತಾರೆ. ವ್ಯಾಕರಣ ತಿದ್ದಿಕೊಡಿ ಎಂದು ವಿದ್ಯಾರ್ಥಿಗಳನ್ನು ಕಳಿಸುತ್ತಾರೆ.

ತಿದ್ದುತ್ತೇವೆ. ಆದರೆ ನಿಜವಾದ ಪಾಠ ಬೇರೆ. ಈ ಮಾತಿಗೆ ಆಧಾರವೇನು? ಇದರಲ್ಲಿ ಬೇರೆಯವರ ವಿಚಾರ ಯಾವುದು, ನಿನ್ನದು ಯಾವುದು? ಎಷ್ಟು ಖಚಿತವಾಗಿ ಹೇಳಬಹುದು? ನಮ್ಮ ವಿಜ್ಞಾನದ ಪ್ರಶ್ನೆಪತ್ರಿಕೆಯಲ್ಲಿದ್ದ ‘ಕಾರಣ ಕೊಡಿ’ ಎಂಬುದೇ ಇದು. ಅದನ್ನು ನಾನು ಕಲಿತದ್ದು ಈ ಶಾಲೆಯಲ್ಲಿ, ಕನ್ನಡದಲ್ಲಿ.

ಯಾರು ಏನೆಂದು ಕರೆದರೂ ನಾನು ಮೇಷ್ಟ್ರೇ. ಇಂಗ್ಲಿಷ್ ಬಾರದೆಂದು ತಲೆತಗ್ಗಿಸುವ ಮಕ್ಕಳಿಗೆ ದಯವಿಟ್ಟು ಹೇಳಿ: ಕಾರಣ ಕೊಡಲು ಕಲಿಯಿರಿ, ಇಂಗ್ಲಿಷನ್ನು ಆಮೇಲೂ ಕಲಿಯಬಹುದು.