ಗುಳೆ ಹೊರಟ ಪವಿತ್ರ ಕುಟುಂಬ

(2025ರ ಡಿಸೆಂಬರ್ 28ರ ರವಿವಾರ, ಪವಿತ್ರ ಕುಟುಂಬದ ಹಬ್ಬದಂದು ಅಂತೂರ ಬೆಂತೂರದಲ್ಲಿ ನೀಡಿದ ಪ್ರಬೋಧನೆ)



ಮೂರು ದಿನಗಳ ಹಿಂದೆ ನಾವೆಲ್ಲರೂ ಈ ಗೋದಲಿಯ ಮುಂದೆ ಮೊಣಕಾಲೂರಿ ಬಾಲಯೇಸುವನ್ನು ಆರಾಧಿಸಿದೆವು. ಜೋಳದ ದಂಟಿನಿಂದ ಗುಡಿಸಲು ಹೆಣೆದ ನಮ್ಮ ಯುವಕರನ್ನು ಎಲ್ಲರೂ ಹೊಗಳಿದಿರಿ. ಈಗ ಇಂದಿನ ಶುಭಸಂದೇಶವನ್ನು ಕೇಳಿದ ಮೇಲೆ ಆ ಗುಡಿಸಲ ಕಡೆಗೆ ಇನ್ನೊಮ್ಮೆ ನೋಡಿರಿ. ಸಂತ ಮತ್ತಾಯರ ಪ್ರಕಾರ ಆ ಕುಟುಂಬ ಈಗ ಬೆತ್ಲೆಹೇಮಿನಲ್ಲಿಲ್ಲ. ರಾತ್ರೋರಾತ್ರಿ ಎದ್ದು ಹೋಗಿದೆ. ಕನಸಿನಲ್ಲಿ ದೂತನ ಮಾತು ಕೇಳಿದ ಜೋಸೆಫರು ಬೆಳಗಾಗುವವರೆಗೂ ಕಾಯಲಿಲ್ಲ. ಹೆರೋದನ ಸೈನಿಕರು ಬರುವ ಮುಂಚೆ ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿನ ದಾರಿ ಹಿಡಿದರು.

ಬೆತ್ಲೆಹೇಮಿನಿಂದ ನೈಲ್ ನದಿಯ ಬಯಲಿಗೆ ಸುಮಾರು ನಾನೂರು ಕಿಲೋಮೀಟರ್ ದಾರಿ. ನಮ್ಮ ಗದಗಿನಿಂದ ಮಂಗಳೂರಿಗೆ ಹೋದಷ್ಟೇ ದೂರ. ಚಿತ್ರಗಳಲ್ಲಿ ಮಾತೆ ಮರಿಯಮ್ಮನವರು ಕತ್ತೆಯ ಮೇಲೆ ಕುಳಿತಿರುತ್ತಾರೆ. ಶುಭಸಂದೇಶದಲ್ಲಿ ಕತ್ತೆಯ ಮಾತೇ ಇಲ್ಲ. ಅದು ಚಿತ್ರಕಾರರು ತೋರಿಸಿದ ದಯೆ. ಎದೆಹಾಲು ಕುಡಿಯುವ ಕೂಸು, ಹಗಲ ಬಿಸಿಲು, ಇರುಳ ಚಳಿ, ಕುಡಿಯುವ ನೀರು ಎಲ್ಲಿ ಸಿಕ್ಕೀತೋ ಎಂಬ ಚಿಂತೆ. ಇಂಥ ಪ್ರಯಾಣಕ್ಕೆ ನಮ್ಮ ಕಡೆಯ ಭಾಷೆಯಲ್ಲಿ ಒಂದು ಪದವಿದೆ. ಅದನ್ನು ಯಾರೂ ನಿಮಗೆ ಕಲಿಸಬೇಕಾಗಿಲ್ಲ. ಗುಳೆ.

ಮಳೆ ಕೈಕೊಟ್ಟ ವರ್ಷ ನಮ್ಮ ಎರೆಹೊಲಗಳಲ್ಲಿ ಏನಾಗುತ್ತದೆಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಮುಂಗಾರಿಯಲ್ಲಿ ಹೆಸರು, ಶೇಂಗಾ, ಉಳ್ಳಾಗಡ್ಡಿ ಹೋಯಿತೆಂದರೆ ಹಿಂಗಾರಿಯ ಕಡಲೆ, ಬಿಳಿಜೋಳದ ಮೇಲೆ ಆಸೆ; ಅದೂ ಒಣಗಿತೆಂದರೆ ಗೋವಾ, ಮಂಗಳೂರು, ಬೆಂಗಳೂರು. 2023ರ ಬರಗಾಲವನ್ನು ನೆನೆಯಿರಿ. ರಾಜ್ಯದ 236 ತಾಲೂಕುಗಳ ಪೈಕಿ 223 ತಾಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತ್ತು. ಆ ವರ್ಷದ ನವೆಂಬರಿನಲ್ಲಿ ನಡೆದ ಒಂದು ಪ್ರಸಂಗವನ್ನು ಇಂದು ನಿಮ್ಮ ಮುಂದೆ ಹೇಳಬೇಕಾಗಿದೆ. ಅದರಲ್ಲಿ ನಮ್ಮದೇ ತಪ್ಪಿದೆ.

ನಮ್ಮ ಕುಟುಂಬವೊಂದು ಮಡಗಾಂವ ಕಡೆಗೆ ಕಟ್ಟಡದ ಕೆಲಸಕ್ಕೆ ಹೊರಟಿತ್ತು. ಗಂಡ ಮೊದಲೇ ಹೋಗಿದ್ದ. ಹೆಂಡತಿ, ಎಂಟು ವರ್ಷದ ಮಗಳು, ಐದು ವರ್ಷದ ಮಗ, ಇನ್ನೂ ಹಾಲು ಬಿಡದ ಕೂಸು. ರಾತ್ರಿ ಒಂಬತ್ತರ ಸುಮಾರಿಗೆ ಮುಕಾದಮ ಕಳಿಸಿದ ಪಿಕಪ್ ಗಾಡಿ ಬಂದು ನಿಂತಿತು. ಜೋಳದ ಚೀಲ, ಪಾತ್ರೆಗಳ ಗಂಟು, ಹಾಸಿಗೆ, ಕೊಡ, ಅವುಗಳ ಮೇಲೆ ಮೂರು ಮನೆಯ ಜನ. ಉಪದೇಶಿಯವರೂ ನಾವೂ ಹೋಗಿ ಪ್ರಾರ್ಥನೆ ಮಾಡಿ, ಪವಿತ್ರ ಜಲ ಚಿಮುಕಿಸಿ, ಮಕ್ಕಳ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿದೆವು. ರೊಟ್ಟಿ-ಚಟ್ನಿಯ ಬುತ್ತಿ ಕಟ್ಟಿಕೊಂಡಿದ್ದೀಯಾ ತಂಗಿ ಎಂದು ಆಕೆಯನ್ನು ಕೇಳಿದೆವು. ಮಕ್ಕಳು ಎಲ್ಲಿ ಕೂರುತ್ತಾರೆ ಎಂದು ಕೇಳಲಿಲ್ಲ. ಶಾಲೆಯಿಂದ ವರ್ಗಾವಣೆ ಪತ್ರ ತಂದಿದ್ದೀಯಾ ಎಂದೂ ಕೇಳಲಿಲ್ಲ. ಗಾಡಿ ಹೋಯಿತು. ನಾವು ಮನೆಗೆ ಬಂದು ಮಲಗಿದೆವು.

ಆ ರಾತ್ರಿ ಏನಾಯಿತೆಂದು ಆ ತಾಯಿ ಮರುವರ್ಷ ಊರಿಗೆ ಬಂದಾಗ ಹೇಳಿದಳು. ಅಣ್ಣಿಗೇರಿ ದಾಟುವ ಹೊತ್ತಿಗೇ ಹುಡುಗನಿಗೆ ವಾಂತಿ. ಹುಬ್ಬಳ್ಳಿಯಲ್ಲಿ ಗಾಡಿ ನಿಂತಾಗ ಅವನು ಎದ್ದು, "ಯವ್ವಾ, ನಮ್ಮ ಊರ ಬಂತೇನ?" ಎಂದ. ಕಲಘಟಗಿಯಲ್ಲಿ ಅದೇ ಪ್ರಶ್ನೆ. ಯಲ್ಲಾಪುರದಲ್ಲಿ ಚಳಿಗೆ ನಡುಗುತ್ತ ಮತ್ತದೇ ಪ್ರಶ್ನೆ. "ಊರ ಬಿಟ್ಟು ಹೊಂಟೀವಿ ಅಂತ ಅವಗ ಹೆಂಗ ಹೇಳ್ಲಿರೀ ಫಾದರ್? ಬಂತಪಾ, ಇನ್ನೊಂದೀಟ ಅಂತ ಹೇಳಕೋಂತ ಹೋದ್ನಿ" ಎಂದಳು. ಅರಬೈಲ್ ಘಟ್ಟದ ತಿರುವುಗಳಲ್ಲಿ ಚೀಲಗಳು ಒಂದು ಬದಿಗೆ ಸರಿದವಂತೆ. ಕೂಸನ್ನು ಸೆರಗಿನಿಂದ ಹೊಟ್ಟೆಗೆ ಕಟ್ಟಿಕೊಂಡು, ಒಂದು ಕೈಯಲ್ಲಿ ಹುಡುಗನನ್ನು, ಇನ್ನೊಂದು ಕೈಯಲ್ಲಿ ಗಾಡಿಯ ಸರಳನ್ನು ಹಿಡಿದು ಕುಳಿತಿದ್ದಳು. ಮಗಳು ತನ್ನಷ್ಟಕ್ಕೆ ತಾನೇ ಹಗ್ಗ ಹಿಡಿದುಕೊಂಡಿದ್ದಳು. ಬೆಳಗಿನ ಜಾವ ಕಾರವಾರದಲ್ಲಿ ಅವರು ಮೊದಲ ಬಾರಿಗೆ ಸಮುದ್ರ ನೋಡಿದರು. "ಅಷ್ಟ ನೀರ ಐತಿ, ಕುಡ್ಯಾಕ ಬರಂಗಿಲ್ಲಂತ ನೋಡ್ರಿ" ಎಂದು ಬರಗಾಲದ ಊರಿನಿಂದ ಹೋದ ಆ ತಾಯಿ ನಕ್ಕಳು. ನಮಗೆ ನಗು ಬರಲಿಲ್ಲ.

ಏಕೆಂದರೆ ಆ ಘಟ್ಟ ಎಂಥದ್ದೆಂದು ಈಗ ಎಲ್ಲರಿಗೂ ಗೊತ್ತು. ಇದೇ ವರ್ಷ, 2025ರ ಜನವರಿ 22ರ ನಸುಕಿನಲ್ಲಿ, ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು-ತರಕಾರಿ ಹೇರಿಕೊಂಡು ಹೊರಟಿದ್ದ ಲಾರಿ ಯಲ್ಲಾಪುರದ ಹತ್ತಿರ ಕಣಿವೆಗೆ ಉರುಳಿ ಹತ್ತು ಜನ ಪ್ರಾಣ ಕಳೆದುಕೊಂಡರು. ಅವರೂ ಸಾಮಾನಿನ ಜೊತೆ ಲಾರಿಯಲ್ಲೇ ಹೊರಟಿದ್ದವರು, ಹೊಟ್ಟೆಪಾಡಿಗೆ ಹೊರಟವರು. ಆ ಸುದ್ದಿ ಓದಿದ ದಿನ ನಮಗೆ ನೆನಪಾದದ್ದು ಆ ಪಿಕಪ್ ಗಾಡಿ ಮತ್ತು ನಾವು ಚಿಮುಕಿಸಿದ ಪವಿತ್ರ ಜಲ.

ಪ್ರಿಯರೇ, ಇಂದಿನ ಶುಭಸಂದೇಶವನ್ನು ಮನೆಗೆ ಹೋಗಿ ಇನ್ನೊಮ್ಮೆ ನಿಧಾನವಾಗಿ ಓದಿರಿ. ದೂತನು ಹೊರಡು ಎನ್ನುವಾಗ, ಜೋಸೆಫರು ಹೊರಟಾಗ, ದೂತನು ತಿರುಗಿ ಹೋಗು ಎನ್ನುವಾಗ, ಜೋಸೆಫರು ತಿರುಗಿ ಹೊರಟಾಗ, ಹೀಗೆ ನಾಲ್ಕು ಸಲ ಮಗುವಿನ ಮತ್ತು ತಾಯಿಯ ಮಾತು ಬರುತ್ತದೆ. ನಾಲ್ಕು ಸಲವೂ ಮಗು ಮೊದಲು, ತಾಯಿ ಆಮೇಲೆ. ಮನೆಯ ಯಜಮಾನನ ಸುಖದ ಮಾತಂತೂ ಒಮ್ಮೆಯೂ ಇಲ್ಲ. ಆ ಕಾಲದಲ್ಲಿ ಯಾರಾದರೂ ಹೀಗೆ ಕೂಸನ್ನು ಮುಂದಿಟ್ಟು ಮಾತಾಡುತ್ತಿದ್ದರೇ? ದೇವರು ಆ ಕುಟುಂಬಕ್ಕೆ ಗುಳೆಯನ್ನು ತಪ್ಪಿಸಲಿಲ್ಲ. ಆದರೆ ಗುಳೆಯಲ್ಲಿ ಯಾರು ಮೊದಲು ಎಂಬುದನ್ನು ತಿಳಿಸಿದರು.

ಊರು ಬಿಡಬೇಡಿರಿ ಎಂದು ಪೀಠದ ಮುಂದೆ ನಿಂತು ಹೇಳುವುದು ಸುಲಭ. ಮುಕಾದಮನ ಮುಂಗಡ ತೆಗೆದುಕೊಂಡವನಿಗೆ ಆ ಮಾತಿನಿಂದ ಏನೂ ಪ್ರಯೋಜನವಿಲ್ಲ. ಜೋಸೆಫರೂ ದುಡಿಯುವ ಕೈಯವರೇ. ಅವರ ಕಸುಬಿಗೆ ಗ್ರೀಕ್ ಮೂಲದಲ್ಲಿರುವ ಪದಕ್ಕೆ ಬಡಗಿ ಎಂದಷ್ಟೇ ಅಲ್ಲ, ಕಟ್ಟಡ ಕಟ್ಟುವವ ಎಂಬ ಅರ್ಥವೂ ಇದೆ ಎಂದು ಗುರುಮಠದಲ್ಲಿ ಕಲಿತಿದ್ದೆವು. ನಜರೇತಿನಿಂದ ಸುಮಾರು ಆರು ಕಿಲೋಮೀಟರ್ ದೂರದ ಸೆಪ್ಫೋರಿಸ್ ಪಟ್ಟಣವನ್ನು ಹೆರೋದ ಅಂತಿಪನು ಆಗ ಹೊಸದಾಗಿ ಕಟ್ಟಿಸುತ್ತಿದ್ದನು. ಜೋಸೆಫರು ಅಲ್ಲಿಗೆ ಕೆಲಸಕ್ಕೆ ಹೋಗಿದ್ದಿರಬಹುದೆಂದು ಕೆಲವು ಪಂಡಿತರು ಊಹಿಸುತ್ತಾರೆ. ಆದ್ದರಿಂದ ಹೊರಡುವವರನ್ನು ನಾವು ತಡೆಯುವುದಿಲ್ಲ. ಆದರೆ ಮಕ್ಕಳ ಬಗ್ಗೆ ಎರಡು ಮಾತು ಕೇಳುತ್ತೇವೆ, ಕಟ್ಟುನಿಟ್ಟಾಗಿ ಕೇಳುತ್ತೇವೆ.

ಸಾಮಾನು ಗಾಡಿಯಲ್ಲಿ ಹೋಗಲಿ, ಮಕ್ಕಳು ಬಸ್ಸಿನಲ್ಲಿ ಹೋಗಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾದಾ ಬಸ್ಸಿನಲ್ಲಿ ರಾಜ್ಯದೊಳಗೆ ಟಿಕೆಟ್ ಹಣವಿಲ್ಲ. ಆ ತಾಯಿ-ಮಗಳು ಅಂದು ಕಾರವಾರದವರೆಗೆ ಒಂದು ಪೈಸೆ ಕೊಡದೆ ಸೀಟಿನ ಮೇಲೆ ಕುಳಿತು ಹೋಗಬಹುದಿತ್ತು. ಹಗಲು ಹೊತ್ತಿನಲ್ಲಿ ಹೋಗಬಹುದಿತ್ತು. ನಮ್ಮ ತಲೆಗೆ ಇದು ಹೊಳೆಯಲಿಲ್ಲ. ಗಾಡಿಯವನು ಕರೆದೊಯ್ಯುತ್ತಾನಲ್ಲ ಎಂದು ಸುಮ್ಮನಾದೆವು.

ಇನ್ನು ಶಾಲೆಯ ಮಾತು. ಆ ಮಗಳು ಗೋವಾದಲ್ಲಿ ಆರು ತಿಂಗಳು ತಗಡಿನ ಶೆಡ್ಡಿನಲ್ಲಿ ಕೂಸು ಆಡಿಸಿದಳು. 2024ರ ಜೂನಿನಲ್ಲಿ ತಿರುಗಿ ಬಂದಾಗ ಪ್ರಥಮ ಪರಮಪ್ರಸಾದದ ತಯಾರಿಗೆ ಅವಳನ್ನು ಕೂರಿಸಿದೆವು. ಪ್ರಾರ್ಥನೆಯ ಪುಸ್ತಕ ಕೊಟ್ಟರೆ ತೆರೆದು ನೋಡುತ್ತ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ, "ಓದಾಕ ಬರಂಗಿಲ್ರೀ ಫಾದರ್. ದಾರ್ಯಾಗಿನ ಊರ ಹೆಸರ ಹೇಳ್ಲ್ಯಾ?" ಎಂದಳು. ಅಣ್ಣಿಗೇರಿ, ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ, ಅಂಕೋಲಾ, ಕಾರವಾರ. ಒಂದನ್ನೂ ಬಿಡದೆ ಹೇಳಿದಳು. ಇಂಥ ನೆನಪಿನ ಶಕ್ತಿಯಿರುವ ಮಗು ಮೂರನೆಯ ತರಗತಿಯ ಕಾಗುಣಿತವನ್ನು ಮರೆತದ್ದು ಯಾರ ತಪ್ಪಿನಿಂದ? ಮಗುವಿನ ತಪ್ಪಂತೂ ಅಲ್ಲ.

2009ರ ಶಿಕ್ಷಣ ಹಕ್ಕು ಕಾಯಿದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಆರರಿಂದ ಹದಿನಾಲ್ಕು ವರ್ಷದ ಮಗು ರಾಜ್ಯದೊಳಗೇ ಹೋಗಲಿ, ಹೊರಗೇ ಹೋಗಲಿ, ಬೇರೆ ಶಾಲೆಗೆ ಸೇರುವ ಹಕ್ಕು ಅದಕ್ಕಿದೆ. ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕು. ಪತ್ರ ತಡವಾಯಿತೆಂದು ಅಲ್ಲಿಯ ಶಾಲೆ ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಗೋವಾದಲ್ಲಿ ಕನ್ನಡ ಮಾಧ್ಯಮದ ಶಾಲೆಗಳೂ ಇವೆ. ರೇಷನ್ ಕಾರ್ಡಿನ ಸಂಗತಿಯೂ ಹಾಗೆಯೇ: 2020ರ ಜನವರಿಯಲ್ಲಿ ಕರ್ನಾಟಕ, ಗೋವಾ ಸೇರಿ 12 ರಾಜ್ಯಗಳು ಒಂದರ ಕಾರ್ಡನ್ನು ಇನ್ನೊಂದು ಒಪ್ಪುವ ವ್ಯವಸ್ಥೆಗೆ ಬಂದವು. ಕಾರ್ಡು ಮನೆಯ ಪೆಟ್ಟಿಗೆಯಲ್ಲಿಟ್ಟು ಹೋಗಬೇಡಿರಿ. ಕೂಸಿನ ಚುಚ್ಚುಮದ್ದಿನ ತಾಯಿ ಕಾರ್ಡೂ ಜೊತೆಗಿರಲಿ.

ಇದೆಲ್ಲ ಪ್ರಬೋಧನೆಯ ಮಾತೇ ಎಂದು ಯಾರಾದರೂ ಕೇಳಬಹುದು. ಜಗದ್ಗುರು ಹನ್ನೆರಡನೆಯ ಪಿಯುಸರು 1952ರ ಆಗಸ್ಟ್ 1ರಂದು ವಲಸಿಗರ ಬಗ್ಗೆ ಒಂದು ಪ್ರೇಷಿತ ಸಂವಿಧಾನವನ್ನು ಪ್ರಕಟಿಸಿದರು. ಈಜಿಪ್ಟಿಗೆ ಓಡಿಹೋದ ನಜರೇತಿನ ಕುಟುಂಬವೇ ಊರು ಬಿಟ್ಟ ಎಲ್ಲ ಕುಟುಂಬಗಳಿಗೂ ಮಾದರಿ ಮತ್ತು ಆಸರೆ ಎಂಬುದೇ ಅದರ ಮೊದಲ ಮಾತು. ಇಂದು ಎಲ್ಲ ಧರ್ಮಪ್ರಾಂತ್ಯಗಳಲ್ಲಿ 2025ರ ಜ್ಯೂಬಿಲಿ ವರ್ಷದ ಸಮಾರೋಪ ನಡೆಯುತ್ತಿದೆ. ನಮ್ಮನ್ನು ಭರವಸೆಯ ಯಾತ್ರಿಕರೆಂದು ಧರ್ಮಸಭೆ ವರ್ಷವಿಡೀ ಕರೆಯಿತು. ಯಾತ್ರೆಗೆ ಬಸ್ಸು ಮಾಡಿ ಹೋದವರ ಪಟ್ಟಿ ನಮ್ಮ ಕಚೇರಿಯಲ್ಲಿದೆ. ಗುಳೆ ಹೋದವರ ಪಟ್ಟಿ ಇರಲಿಲ್ಲ.

ಈಜಿಪ್ಟಿನ ಕ್ರೈಸ್ತರನ್ನು ನೋಡಿರಿ. ಎರಡು ಸಾವಿರ ವರ್ಷ ಕಳೆದರೂ ಆ ಕುಟುಂಬ ಎಲ್ಲಿ ತಂಗಿತು, ಯಾವ ಮರದ ನೆರಳಿನಲ್ಲಿ ಕೂತಿತು, ಎಲ್ಲಿ ನೀರು ಕುಡಿಯಿತು ಎಂದು ಊರೂರಿಗೆ ತೋರಿಸುತ್ತಾರೆ, ಪ್ರತಿ ವರ್ಷ ಜೂನ್ 1ರಂದು ಹಬ್ಬ ಮಾಡುತ್ತಾರೆ. 2022ರಲ್ಲಿ ಯುನೆಸ್ಕೋ ಆ ಹಬ್ಬಗಳನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಅಷ್ಟೂ ಕಥೆಗಳು ನಡೆದವೋ ಇಲ್ಲವೋ, ನಮ್ಮ ಮನಸ್ಸಿಗೆ ನಾಟುವುದು ಬೇರೆಯೇ: ಪರದೇಶದಿಂದ ಕೂಸು ಹೊತ್ತು ಬಂದವರನ್ನು ಅವರು ಅವಮಾನವೆಂದು ಮರೆಯಲಿಲ್ಲ, ನಮ್ಮ ಊರಿಗೆ ಬಂದಿದ್ದರು ಎಂದು ಹೆಮ್ಮೆಯಿಂದ ಹೇಳಿಕೊಂಡರು. 2020ರ ಮಾರ್ಚಿನ ಲಾಕ್‌ಡೌನ್ ಕಾಲದಲ್ಲಿ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಹೆದ್ದಾರಿಗಳಲ್ಲಿ ನಡೆದ ನಮ್ಮ ದೇಶದ ಸಾವಿರಾರು ತಂದೆಯರಿಗೆ ನೀರು ಕೊಟ್ಟ ಮನೆಗಳೂ ಇದ್ದವು, ಬಾಗಿಲು ಹಾಕಿಕೊಂಡ ಊರುಗಳೂ ಇದ್ದವು. ನಮ್ಮ ಊರಿಗೆ ತಿರುಗಿ ಬಂದವರನ್ನು ಆಗ ನಾವು ಹೇಗೆ ನೋಡಿದೆವು ಎಂಬುದನ್ನು ಇಲ್ಲಿ ಬಿಡಿಸಿ ಹೇಳುವುದು ಬೇಡ. ನಿಮಗೂ ಗೊತ್ತು, ನಮಗೂ ಗೊತ್ತು.

ತಿರುಗಿ ಬರುವಾಗಲೂ ಜೋಸೆಫರು ಕಣ್ಣು ಮುಚ್ಚಿ ಬರಲಿಲ್ಲ. ಜುದೇಯದಲ್ಲಿ ಹೆರೋದನ ಮಗ ಅರ್ಖೆಲಾಯ ಆಳುತ್ತಿದ್ದಾನೆಂದು ಕೇಳಿ ಹೆದರಿದರು, ದಾರಿ ಬದಲಿಸಿ ಗಲಿಲೇಯಕ್ಕೆ ಹೋದರು. ಹೆದರುವುದು ವಿಶ್ವಾಸದ ಕೊರತೆಯೆಂದು ಸಂತ ಮತ್ತಾಯರು ಎಲ್ಲಿಯೂ ಬರೆದಿಲ್ಲ. ಮಕ್ಕಳಿರುವ ತಂದೆಗೆ ಅಷ್ಟು ಹೆದರಿಕೆ ಬೇಕು.

ಆ ಹುಡುಗಿಯ ಬಗ್ಗೆ ನೀವು ಕೇಳುವ ಮುಂಚೆಯೇ ಹೇಳಿಬಿಡುತ್ತೇವೆ. ಕನ್ಯಾಭಗಿನಿಯರು ಸಂಜೆ ಅವಳನ್ನು ಕೂರಿಸಿಕೊಂಡು ಅಕ್ಷರ ಹೇಳಿಕೊಟ್ಟರು. ಈ ಕ್ರಿಸ್ತಜಯಂತಿಯ ರಾತ್ರಿ ಎರಡನೆಯ ವಾಚನ ಓದಿದವಳು ಅವಳೇ. ಎರಡು ಕಡೆ ತಡವರಿಸಿದಳು. ಆಗ ನಿಮ್ಮಲ್ಲಿ ಕೆಲವರು ನಕ್ಕಿರಿ.

ನಾಳೆ, ನಾಡಿದ್ದು ಮೂರು ಕುಟುಂಬಗಳು ಹೊರಡುತ್ತಿವೆ. ಬಲಿಪೂಜೆ ಮುಗಿದ ಮೇಲೆ ಅವರು ಮನೆಗೆ ಹೋಗದೆ ಗೋದಲಿಯ ಹತ್ತಿರ ನಿಲ್ಲಬೇಕು. ಉಪದೇಶಿಯವರು ಮಕ್ಕಳ ಹೆಸರು, ತರಗತಿ, ಹೋಗುವ ಊರು ಬರೆದುಕೊಳ್ಳುತ್ತಾರೆ. ಅಲ್ಲಿಯ ಧರ್ಮಕೇಂದ್ರದ ಗುರುಗಳಿಗೆ ನಾವು ಈ ಸಂಜೆಯೇ ಫೋನ್ ಮಾಡುತ್ತೇವೆ. ವರ್ಗಾವಣೆ ಪತ್ರ ಇಲ್ಲದವರು ಬೆಳಗ್ಗೆ ಹತ್ತಕ್ಕೆ ನಮ್ಮ ಜೊತೆ ಶಾಲೆಗೆ ಬರಬೇಕು, ಆಮೇಲೆ ಹುಬ್ಬಳ್ಳಿಯ ಬಸ್ಸು ಹಿಡಿಯಬಹುದು. ಆಶೀರ್ವಾದಕ್ಕೆ ನಿಲ್ಲುವಾಗ ದೊಡ್ಡವರು ಹಿಂದೆ ಸರಿಯಿರಿ. ಮಕ್ಕಳು ಮುಂದೆ ಬರಲಿ.